ಟೀಮಿಗೆ ಬೇಡವಾದ ಹುಡುಗ

ಪಿಟಿ ಪೀರಿಯಡ್‌ನಲ್ಲಿ ಟೀಮ್ ಮಾಡುವಾಗ ಯಾರಿಗೂ ಬೇಡವಾಗಿ ಕೊನೆಗೆ ಉಳಿಯುವ ಹುಡುಗ ಒಬ್ಬ ಇದ್ದೇ ಇರ್ತಾನೆ. ಕ್ಯಾಚ್ ಬಿಡ್ತಾನೆ, ಶೂ ಲೇಸ್ ಕಟ್ಟೋಕೆ ಒದ್ದಾಡ್ತಾನೆ, ಅಕ್ಷರ ಸೊಟ್ಟ. ನಾವು ಕೊಡೋ ಬಿರುದು: ಸೋಮಾರಿ, ಪೆದ್ದ.

ಎರಡೂ ಅಲ್ಲ ಸ್ವಾಮಿ. ಇಂಥ ಹಲವರ ತೊಂದರೆಗೆ ವೈದ್ಯರು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಅಂತಾರೆ. ಬುದ್ಧಿಗೇನೂ ಕೊರತೆಯಿಲ್ಲ, ಕೈಕಾಲಿನ ಚಲನೆಯನ್ನು ಹೊಂದಿಸೋದು ಕಷ್ಟ. ಶಾಲಾ ಮಕ್ಕಳಲ್ಲಿ ನೂರಕ್ಕೆ ಸುಮಾರು 5-6 ಮಂದಿಗೆ ಇದು ಇದೆ. ಅಂದ್ರೆ 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು.

ದೊಡ್ಡವರಾದ್ರೆ ಸರಿಹೋಗುತ್ತಾ? ಬಹಳಷ್ಟು ಜನರಿಗೆ ಹೋಗಲ್ಲ. ಮೈದಾನ ಅಂದ್ರೆ ಅವಮಾನ ಅಂತ ಹತ್ತನೇ ವಯಸ್ಸಿಗೇ ಕಲಿತವನು ನಲವತ್ತರಲ್ಲಿ ಆ ಕಡೆ ತಲೆ ಹಾಕೋದಾದ್ರೂ ಹೇಗೆ? ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ದೈಹಿಕ ಚಟುವಟಿಕೆ ಬೇಕು ಅನ್ನುತ್ತೆ. ಕ್ಯಾಚ್ ಹಿಡೀಬೇಕು, ಗೆಲ್ಲಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಬಿರುಸಾದ ನಡಿಗೆಯೂ ಲೆಕ್ಕಕ್ಕೆ ಬರುತ್ತೆ.

ಪಿಟಿ ಮೇಷ್ಟ್ರೇ, ಆ ಹುಡುಗನಿಗೆ ದೊಡ್ಡ ಚೆಂಡು ಕೊಡಿ, ಹತ್ತಿರದಿಂದ ಎಸೆಯಿರಿ, ಒಂದೊಂದೇ ಹಂತ ಕಲಿಸಿ. ಅವನು ಆಟಗಾರ ಆಗದಿದ್ದರೂ ಪರವಾಗಿಲ್ಲ. ಮೈದಾನ ಬಿಟ್ಟು ಹೋಗದ ಹಾಗೆ ನೋಡ್ಕೊಳ್ಳಿ.