ಮಡಿಲಲ್ಲಿ ಮಗು, ಬಾಯಲ್ಲಿ ಹಾಡು, ಕೈಯಲ್ಲಿ ಪುಸ್ತಕ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದೊಡನೆ ವೈದ್ಯರು ಯಾವ ವಿಷಯಗಳನ್ನು ಕುರಿತು ಮಾತನಾಡುವರೆಂಬುದನ್ನು ನೀವು ಮೊದಲೇ ಊಹಿಸಬಲ್ಲಿರಿ. ಗರ್ಭಿಣಿಯ ಆಹಾರ, ಸುರಕ್ಷಿತ ಹೆರಿಗೆ, ಎದೆಹಾಲು, ಚುಚ್ಚುಮದ್ದು, ಹೆರಿಗೆಗಳ ನಡುವಣ ಅಂತರ, ಇವೇ ನಮ್ಮ ನಿತ್ಯದ ಮಾತುಗಳು. ಇಂದು ನಾನು ಹಾಡು ಮತ್ತು ಪುಸ್ತಕವನ್ನು ಕುರಿತು ಮಾತನಾಡಬಯಸುತ್ತೇನೆ. ವೈದ್ಯರಿಗೂ ಹಾಡಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸಂಬಂಧವಿದೆ. ಹೊಟ್ಟೆಗೆ ಅನ್ನವಿಲ್ಲದಿದ್ದರೆ ಮಗುವಿನ ಮೈ ಸೊರಗುವಂತೆ, ಕಿವಿಗೆ ಮಾತಿಲ್ಲದಿದ್ದರೆ ಮಗುವಿನ ಬುದ್ಧಿ ಸೊರಗುತ್ತದೆ. ಮೈ ಸೊರಗಿದುದನ್ನು ಅಂಗನವಾಡಿಯ ತಕ್ಕಡಿ ತೋರಿಸುತ್ತದೆ. ಬುದ್ಧಿ ಸೊರಗಿದುದನ್ನು ತೋರಿಸುವ ತಕ್ಕಡಿ ಇಲ್ಲ. ಆದುದರಿಂದ ತಂದೆತಾಯಿಗಳೇ ಎಚ್ಚರದಿಂದಿರಬೇಕು.

ಬಿತ್ತನೆಯ ಹದ

ಹುಟ್ಟಿದ ಮಗುವಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಕಾಲುಭಾಗದಷ್ಟಿರುತ್ತದೆ. ಎರಡು ವರ್ಷ ತುಂಬುವ ವೇಳೆಗೆ ಅದು ಮುಕ್ಕಾಲು ಭಾಗದಷ್ಟಾಗುತ್ತದೆ. ಐದಾರು ವರ್ಷಗಳಲ್ಲಿ ಶೇಕಡ 90ರಷ್ಟು ಬೆಳವಣಿಗೆ ಮುಗಿದಿರುತ್ತದೆ. ಅಂದರೆ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಹೆಚ್ಚಿನ ಕೆಲಸ ಮನೆಯಲ್ಲಿಯೇ ನಡೆದುಹೋಗಿರುತ್ತದೆ. ಹದ ಮೀರಿದ ಹೊಲದಲ್ಲಿ ಎಷ್ಟು ಒಳ್ಳೆಯ ಬೀಜ ಬಿತ್ತಿದರೂ ಇಳುವರಿ ಕಡಿಮೆಯೆಂಬುದನ್ನು ಒಕ್ಕಲು ಮಕ್ಕಳಾದ ನಿಮಗೆ ನಾನು ಹೇಳಬೇಕಾಗಿಲ್ಲ. ಮಾತಿನ ಬಿತ್ತನೆಗೂ ಇಂತಹ ಒಂದು ಹದವುಂಟು.

ಈ ಹದ ಹೆರಿಗೆಗೆ ಮೊದಲೇ ಆರಂಭವಾಗುತ್ತದೆ. ಆರು ತಿಂಗಳು ತುಂಬುವ ಹೊತ್ತಿಗೆ ಗರ್ಭದಲ್ಲಿರುವ ಶಿಶುವಿಗೆ ಕಿವಿ ಕೇಳಿಸತೊಡಗುತ್ತದೆ. ತಾಯಿಯ ಎದೆಬಡಿತವನ್ನೂ ಅವಳ ದನಿಯನ್ನೂ ಅದು ಆಲಿಸುತ್ತಿರುತ್ತದೆ. ಹುಟ್ಟಿ ಮೂರು ದಿನವೂ ಕಳೆಯದ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ಹೆತ್ತ ತಾಯಿಯ ದನಿಯನ್ನೇ ಬಯಸುತ್ತವೆಯೆಂಬುದನ್ನು 1980ರಲ್ಲಿ ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದರು. 1986ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, ಬಸಿರಿನ ಕೊನೆಯ ಆರು ವಾರಗಳಲ್ಲಿ ತಾಯಂದಿರು ಒಂದೇ ಕಥೆಯನ್ನು ದಿನವೂ ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಮಕ್ಕಳು ಹೊಸ ಕಥೆಗಿಂತ ಆ ಪರಿಚಿತ ಕಥೆಯ ಓದಿಗೆ ಒಲಿದವು. ಕಥೆಯ ಅರ್ಥ ಅವಕ್ಕೆ ತಿಳಿಯದು, ಆದರೆ ಅದರ ಲಯ ಕಿವಿಯಲ್ಲಿ ಉಳಿದಿತ್ತು. ಗರ್ಭಿಣಿಯೊಡನೆ ಮನೆಯವರು ಸಮಾಧಾನದಿಂದ ಮಾತನಾಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಹುರುಳಿದೆ.

ಹಾಡಿನ ಗುಣ

ಹಾಡು ನಮ್ಮ ಹಳ್ಳಿಗಳಿಗೆ ಹೊಸದೇನೂ ಅಲ್ಲ. ಬೀಸುವ ಕಲ್ಲಿನ ಮುಂದೆ, ಕುಟ್ಟುವ ಒರಳಿನ ಮುಂದೆ, ತೊಟ್ಟಿಲ ಬಳಿಯಲ್ಲಿ ನಮ್ಮ ಅಜ್ಜಿಯರು ಹಾಡುತ್ತಿದ್ದರು. ಅವರಲ್ಲಿ ಬಹುಮಂದಿಗೆ ಅಕ್ಷರ ಬಾರದು. ಆದರೂ ಅವರ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಲ್ಲಿ ಪ್ರಕಟಿಸಿದಾಗ ಕನ್ನಡ ನಾಡಿನ ಪಂಡಿತರು ತಲೆದೂಗಿದರು. ಇಂದು ಹಿಟ್ಟಿನ ಗಿರಣಿ ಬಂದಿದೆ, ಬೀಸುವ ಕಲ್ಲು ಮೂಲೆ ಸೇರಿದೆ. ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆತುದು ಸಂತೋಷದ ವಿಷಯ. ಆದರೆ ಕಲ್ಲಿನ ಜೊತೆಗೆ ಹಾಡೂ ಮೂಲೆ ಸೇರಬೇಕಾಗಿಲ್ಲ.

ಜೋಗುಳದಲ್ಲಿ ಮಾತು ನಿಧಾನವಾಗಿ ಬರುತ್ತದೆ. ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಅಕ್ಷರಗಳು ಎಳೆದು ಎಳೆದು ಕೇಳಿಸುತ್ತವೆ. ಒಂದು ಪದ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಆರಂಭವಾಯಿತು ಎಂಬುದನ್ನು ಮಗು ಗುರುತಿಸಲು ಇದು ನೆರವಾಗುತ್ತದೆ. ಅಲ್ಲದೆ ಆ ಹೊತ್ತಿನಲ್ಲಿ ಅದರ ದೃಷ್ಟಿ ತಾಯಿಯ ಮುಖದ ಮೇಲಿರುತ್ತದೆ. ಎಳೆಗೂಸಿಗೆ ಸುಮಾರು ಒಂದು ಗೇಣು ದೂರದಲ್ಲಿರುವುದೇ ಚೆನ್ನಾಗಿ ಕಾಣುವುದು. ಮಡಿಲಲ್ಲಿ ಮಲಗಿದ ಮಗುವಿಗೂ ನಿಮ್ಮ ಮುಖಕ್ಕೂ ಇರುವ ದೂರ ಹೆಚ್ಚುಕಡಿಮೆ ಅಷ್ಟೇ ಎಂಬುದನ್ನು ಗಮನಿಸಿರಿ.

"ನನ್ನ ಕಂಠ ಚೆನ್ನಾಗಿಲ್ಲ, ಡಾಕ್ಟರೇ" ಎಂದು ಅನೇಕ ತಾಯಂದಿರು ನಾಚುತ್ತಾರೆ. ಮಗು ಸಂಗೀತದ ಪರೀಕ್ಷಕನಲ್ಲ. ಅದಕ್ಕೆ ಬೇಕಾದುದು ನಿಮ್ಮ ದನಿಯೇ ಹೊರತು ರಾಗಶುದ್ಧಿಯಲ್ಲ. ಪದ ಮರೆತರೆ ಮಗುವಿನ ಹೆಸರನ್ನೇ ಸೇರಿಸಿ ಹಾಡಿರಿ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಲಂಬಾಣಿ, ಉರ್ದು, ತೆಲುಗು, ಯಾವ ಮಾತಿದೆಯೋ ಆ ಮಾತಿನಲ್ಲೇ ಹಾಡಿರಿ. ಮನೆಮಾತು ಗಟ್ಟಿಯಾದ ಮಗುವಿಗೆ ಶಾಲೆಯ ಮಾತು ಕಲಿಯುವುದು ಕಷ್ಟವಾಗದು.

ತಂದೆಯರಿಗೂ ಒಂದು ಮಾತು. ಹಾಡುವುದು ಹೆಂಗಸರ ಕೆಲಸವೆಂಬ ಭಾವನೆಯನ್ನು ಬಿಡಿರಿ. ಭಜನೆಯಲ್ಲಿ, ಕೋಲಾಟದಲ್ಲಿ, ಬಯಲಾಟದಲ್ಲಿ ಕಂಠವೆತ್ತಿ ಹಾಡುವ ಗಂಡಸರು ತಮ್ಮ ಕೂಸಿನ ಮುಂದೆ ಮಾತ್ರ ಏಕೆ ಮೌನವಾಗಬೇಕು? ಹೊಲದಿಂದ ಬಂದು ಕೈಕಾಲು ತೊಳೆದ ಮೇಲೆ ಕಾಲುಗಂಟೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅಷ್ಟು ಹೊತ್ತು ಮಗುವಿನ ತಾಯಿಗೂ ಬಿಡುವು ದೊರೆಯುತ್ತದೆ.

ಹಾಡಿಗೆ ಓಗೊಡದ ಮಗು

ಈಗ ನಾನು ಹೇಳುವ ವಿಷಯವನ್ನು ದಯವಿಟ್ಟು ಗಮನವಿಟ್ಟು ಕೇಳಿರಿ. ದಿನವೂ ಹಾಡುವ ತಾಯಿಗೆ ಮಗುವಿನ ಕಿವಿಯ ಸ್ಥಿತಿ ಬೇರೆಯವರಿಗಿಂತ ಮೊದಲು ತಿಳಿಯುತ್ತದೆ. ಮೂರು ವರ್ಷವಾದರೂ ಮಾತು ಬಾರದ ಮಕ್ಕಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರುವವರು ಬಹುವೇಳೆ ಹೇಳುವ ಮಾತು ಇದು: "ಇವರಪ್ಪನಿಗೂ ಮಾತು ತಡವಾಗಿಯೇ ಬಂತು, ಬಂದೀತು ಎಂದು ಕಾದೆವು." ಕಾಯುತ್ತ ಕುಳಿತ ಆ ಮೂರು ವರ್ಷಗಳು ಮತ್ತೆ ಬಾರವು. ಕಿವುಡು ಹುಟ್ಟಿನಿಂದಲೇ ಇದ್ದರೂ ಮೊದಲ ಕೆಲವು ತಿಂಗಳು ಮಗು ಇತರ ಮಕ್ಕಳಂತೆಯೇ ಸದ್ದು ಮಾಡುತ್ತದೆ. ಇದರಿಂದ ಮನೆಯವರು ಮೋಸಹೋಗುತ್ತಾರೆ. ಆದುದರಿಂದ ಕೆಳಗಿನ ಗುರುತುಗಳನ್ನು ನೆನಪಿಡಿರಿ.

1. ಎಳೆಗೂಸು ತಟ್ಟೆ ಬಿದ್ದ ಸದ್ದಿಗೆ, ಬಾಗಿಲು ಬಡಿದ ಸದ್ದಿಗೆ ಬೆಚ್ಚಬೇಕು.
2. ಮೂರು ತಿಂಗಳಿಗೆ ತಾಯಿಯ ದನಿ ಕೇಳಿ ಅಳು ನಿಲ್ಲಿಸಬೇಕು, 'ಊ', 'ಆ' ಎಂದು ದನಿಗೊಡಬೇಕು.
3. ಆರು ತಿಂಗಳಿಗೆ ಸದ್ದು ಬಂದ ಕಡೆಗೆ ತಲೆ ತಿರುಗಿಸಬೇಕು.
4. ಒಂಬತ್ತು ಹತ್ತು ತಿಂಗಳಿಗೆ 'ಬಾಬಾ', 'ಮಾಮಾ' ಎಂದು ತೊದಲಬೇಕು, ಹೆಸರು ಹಿಡಿದು ಕರೆದರೆ ನೋಡಬೇಕು.
5. ಒಂದು ವರ್ಷದ ಹೊತ್ತಿಗೆ ಒಂದೆರಡು ಮಾತು, ಎರಡು ವರ್ಷಕ್ಕೆ 'ಅಮ್ಮ ಬಾ' ಎಂಬಂತೆ ಎರಡು ಪದ ಜೋಡಿಸಿದ ಮಾತು ಬರಬೇಕು.

ಇವುಗಳಲ್ಲಿ ಯಾವುದಾದರೂ ಕಾಣದಿದ್ದರೆ ಹರಕೆ ಹೊತ್ತು ಕಾಯದೆ ಆಶಾ ಕಾರ್ಯಕರ್ತೆಗಾಗಲಿ ಆರೋಗ್ಯ ಕೇಂದ್ರಕ್ಕಾಗಲಿ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಆ ದಿನ ಮಗುವನ್ನು ತಪ್ಪದೆ ಕರೆತನ್ನಿರಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ತೊಂದರೆಗೆಂದೇ ಇದೆ. ಕಿವುಡನ್ನು ಮೂರು ತಿಂಗಳೊಳಗೆ ಕಂಡುಹಿಡಿದು, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಆರಂಭಿಸಿದರೆ ಎಷ್ಟೋ ಮಕ್ಕಳು ಚೆನ್ನಾಗಿ ಮಾತು ಕಲಿಯುತ್ತಾರೆ.

ತಡೆಯಬಲ್ಲುದನ್ನು ತಡೆಯುವುದೂ ನಮ್ಮ ಕರ್ತವ್ಯ. ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಗರ್ಭಿಣಿಗೆ ರುಬೆಲ್ಲಾ ತಗುಲಿದರೂ ಶಿಶುವಿನ ಕಿವಿ ಕೆಡಬಹುದು. ಆದುದರಿಂದ ದಡಾರ-ರುಬೆಲ್ಲಾ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಹಾಕಿಸಿರಿ. ಸೋರುವ ಕಿವಿಗೆ ಕಾಯಿಸಿದ ಎಣ್ಣೆ ಬಿಡಬೇಡಿರಿ, ವೈದ್ಯರಿಗೆ ತೋರಿಸಿರಿ.

ಓದಲು ಬಾರದವರೂ ಓದಿಸಬಲ್ಲರು

ಇನ್ನು ಪುಸ್ತಕದ ಮಾತು. ಆರು ತಿಂಗಳ ಮಗು ಪುಸ್ತಕವನ್ನು ಬಾಯಿಗಿಡುತ್ತದೆ. ವರ್ಷದ ಮಗು ಪುಟ ಮಗುಚಲು ಹೋಗಿ ಹರಿಯುತ್ತದೆ. ಗದರಿಸಬೇಡಿರಿ, ಅದು ಪುಸ್ತಕದ ಪರಿಚಯ ಮಾಡಿಕೊಳ್ಳುವ ರೀತಿಯೇ ಹಾಗೆ. ಒಂದೂವರೆ ಎರಡು ವರ್ಷದ ಮಗುವಿಗೆ "ನಾಯಿ ಎಲ್ಲಿ?" ಎಂದು ಕೇಳಿದರೆ ಬೆರಳಿಟ್ಟು ತೋರಿಸುತ್ತದೆ. ಮೂರು ವರ್ಷದ ಮಗು ಒಂದೇ ಕಥೆಯನ್ನು ಹತ್ತು ಸಲ ಕೇಳುತ್ತದೆ. ನಿಮಗೆ ಬೇಸರವಾದರೂ ಹೇಳಿರಿ, ಆ ಪುನರಾವರ್ತನೆಯಿಂದಲೇ ಅದು ಕಲಿಯುವುದು.

"ನಮಗೇ ಅಕ್ಷರ ಬಾರದು, ಮಗುವಿಗೆ ಏನು ಓದಿ ಹೇಳೋಣ?" ಎಂದು ಕೆಲವರು ಕೇಳಬಹುದು. ಪುಟ್ಟ ಮಗುವಿಗೆ ಬೇಕಾದುದು ಅಕ್ಷರವಲ್ಲ, ಚಿತ್ರವನ್ನು ಕುರಿತ ಮಾತು. ಎತ್ತಿನ ಚಿತ್ರ ಕಂಡರೆ "ಇದು ಎತ್ತು, ನಮ್ಮ ಕೊಟ್ಟಿಗೆಯಲ್ಲೂ ಇದೆ, ಅದರ ಕೊಂಬು ನೋಡು, ಅದು ಏನು ತಿನ್ನುತ್ತದೆ?" ಎಂದು ಕೇಳಿರಿ. ಕೇಳಿದ ಮೇಲೆ ಸ್ವಲ್ಪ ಸುಮ್ಮನಿರಿ. ಮಗು ಬರಿಯ ಸದ್ದು ಮಾಡಿದರೂ ಅದನ್ನೇ ಉತ್ತರವೆಂದು ಭಾವಿಸಿ ಮಾತು ಮುಂದುವರಿಸಿರಿ. ಹೀಗೆ ಕೊಟ್ಟು ತೆಗೆದುಕೊಳ್ಳುವ ಮಾತಿನಲ್ಲಿಯೇ ಮಿದುಳು ಬೆಳೆಯುತ್ತದೆ. ಮೇಲಿನ ತರಗತಿಯ ಅಕ್ಕನಾಗಲಿ ಅಣ್ಣನಾಗಲಿ ಇದ್ದರೆ ಅವರಿಂದ ಗಟ್ಟಿಯಾಗಿ ಓದಿಸಿರಿ. ಓದುವವರ ಓದೂ ಸುಧಾರಿಸುತ್ತದೆ, ಕೇಳುವ ಮಗುವಿಗೂ ಪ್ರಯೋಜನ.

ಪುಸ್ತಕಕ್ಕೆ ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಹಳೆಯ ಕ್ಯಾಲೆಂಡರು, ಬೀಜದ ಪೊಟ್ಟಣ, ಬೆಂಕಿಪೆಟ್ಟಿಗೆ, ಲಗ್ನಪತ್ರಿಕೆಗಳ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿ ದಾರದಿಂದ ಹೊಲಿದರೆ ಒಂದು ಪುಸ್ತಕವಾಯಿತು. ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ತಿರುಮಕೂಡಲು ನರಸೀಪುರದಲ್ಲಿ ಆರಂಭವಾದ ಅಂಗನವಾಡಿಗಳು ಇಂದು ರಾಜ್ಯದ ಹಳ್ಳಿಹಳ್ಳಿಗಳಲ್ಲಿವೆ. ಅಲ್ಲಿಯ ಚಿತ್ರಪಟಗಳನ್ನು ಮಗುವಿಗೆ ತೋರಿಸಿರಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗಾಗಿ 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಯಿತು. ದೊಡ್ಡ ಮಗುವನ್ನು ಸದಸ್ಯನನ್ನಾಗಿ ಮಾಡಿದರೆ ಚಿಕ್ಕ ಮಗುವಿಗೂ ಪುಸ್ತಕ ಮನೆಗೆ ಬರುತ್ತದೆ. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರ ಶಿಶುಗೀತೆಗಳು ಹಾಡಲೂ ಸೊಗಸು, ಓದಲೂ ಸೊಗಸು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಮಕ್ಕಳ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿಯೂ ಪ್ರಕಟಿಸುತ್ತದೆ.

ಮೊಬೈಲು ತಾಯಿಯಾಗದು

ಅಳುವ ಮಗುವಿನ ಕೈಗೆ ಮೊಬೈಲು ಕೊಟ್ಟು ಅಡುಗೆ ಮುಗಿಸುವ ಅಭ್ಯಾಸ ಹಳ್ಳಿಗಳಿಗೂ ಬಂದಿದೆ. ಮೊಬೈಲು ಹಾಡುತ್ತದೆ, ಆದರೆ ಮಗುವಿನ ತೊದಲಿಗೆ ಉತ್ತರ ಕೊಡುವುದಿಲ್ಲ, ಅದರ ಮುಖ ನೋಡಿ ನಗುವುದಿಲ್ಲ. ವರ್ಷ ತುಂಬದ ಮಗುವಿಗೆ ಟಿ.ವಿ., ಮೊಬೈಲುಗಳ ಪರದೆ ಬೇಡವೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಅಡುಗೆಯ ಹೊತ್ತಿನಲ್ಲಿ ಮಗುವಿನ ಮುಂದೆ ಒಂದು ಡಬರಿ, ಒಂದು ಮರದ ಸೌಟು ಇಟ್ಟು, ಅದು ಬಡಿಯುವ ತಾಳಕ್ಕೆ ನೀವು ಪದ ಹೇಳಿರಿ.

ಮಡಿಲು ಒಂದೇ ಅಲ್ಲವೇ?

ಇದೆಲ್ಲಕ್ಕೂ ಮುಖ್ಯವಾಗಿ ಬೇಕಾದುದು ಸಮಯ. ಇಲ್ಲಿಯೇ ಕುಟುಂಬ ಕಲ್ಯಾಣದ ತಿರುಳಿದೆ. ಮೊದಲ ಮಗು ಮಾತು ಕಲಿಯುವ ಹೊತ್ತಿಗೆ ತಾಯಿ ಮತ್ತೆ ಬಸಿರಾದರೆ ಅವಳ ಮೈಯಲ್ಲಿ ರಕ್ತವಿರುವುದಿಲ್ಲ, ಮನಸ್ಸಿನಲ್ಲಿ ಉತ್ಸಾಹವಿರುವುದಿಲ್ಲ. ತೊಡೆಯ ಮೇಲಿದ್ದ ಮಗು ಕೆಳಗಿಳಿಯುತ್ತದೆ, ಹಾಡು ಅರ್ಧಕ್ಕೆ ನಿಲ್ಲುತ್ತದೆ. ಒಂದು ಹೆರಿಗೆಯಾದ ಮೇಲೆ ಕಡೆಯ ಪಕ್ಷ ಎರಡು ವರ್ಷ ಮತ್ತೆ ಗರ್ಭ ನಿಲ್ಲದಂತೆ ನೋಡಿಕೊಂಡರೆ ಮಕ್ಕಳ ನಡುವೆ ಸುಮಾರು ಮೂರು ವರ್ಷಗಳ ಅಂತರ ದೊರೆಯುತ್ತದೆ. ಆ ಮೂರು ವರ್ಷಗಳು ಮೊದಲ ಮಗುವಿನ ಹಕ್ಕು. ಮುಟ್ಟು ಮತ್ತೆ ಬರುವ ಮೊದಲೇ ಗರ್ಭ ನಿಲ್ಲಬಹುದೆಂಬುದನ್ನು ಮರೆಯಬೇಡಿರಿ. ನಿರೋಧ್, ಕಾಪರ್-ಟಿ, ನುಂಗುವ ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು, ಇವು ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ನಿಮಗೆ ಯಾವುದು ಒಗ್ಗುವುದೆಂಬುದನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬಂದು ವಿಚಾರಿಸಿರಿ.

ಇನ್ನೊಂದು ಮಾತು. ಗಂಡುಮಗುವಿಗೆ ಪುಸ್ತಕ, ಹೆಣ್ಣುಮಗುವಿಗೆ ಪೊರಕೆ ಎಂಬ ಭೇದ ಬೇಡ. ಹೆಣ್ಣಿನ ಮಿದುಳೂ ಅದೇ ಹದದಲ್ಲಿ ಬೆಳೆಯುತ್ತದೆ. ಇಂದು ನೀವು ಮಡಿಲಲ್ಲಿ ಕೂರಿಸಿ ಓದಿಸಿದ ಹೆಣ್ಣುಮಗು ನಾಳೆ ತನ್ನ ಮಗುವಿಗೆ ಓದಿ ಹೇಳುತ್ತದೆ.

ಸಹೋದರ ಸಹೋದರಿಯರೇ, ನಾನು ಕೇಳುತ್ತಿರುವುದು ದಿನಕ್ಕೆ ಅರ್ಧಗಂಟೆ ಮಾತ್ರ. ತಾಯಿ ಮಲಗಿಸುವಾಗ ಒಂದು ಹಾಡು, ತಂದೆ ಊಟದ ನಂತರ ನಾಲ್ಕು ಚಿತ್ರ. ಇದಕ್ಕೆ ಔಷಧಿಯ ಚೀಟಿ ಬೇಡ, ಪಟ್ಟಣಕ್ಕೆ ಹೋಗುವ ಬಸ್ಸಿನ ಖರ್ಚಿಲ್ಲ. ಇಂದು ರಾತ್ರಿಯೇ ಆರಂಭಿಸಿರಿ. ಹಾಡುವಾಗ ಮಗು ನಿಮ್ಮತ್ತ ತಿರುಗುತ್ತದೆಯೇ ಎಂಬುದನ್ನೂ ನೋಡಿರಿ. ತಿರುಗದಿದ್ದರೆ ನಾಳೆ ಬೆಳಿಗ್ಗೆಯೇ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ.