ಎದುರು ಸಾಲಿನಲ್ಲಿ ಕೂರುವವರೂ ಬೇಕು
(ಕೊಪ್ಪದಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಮುಂದೆ ಮಾಡಿದ ಭಾಷಣ)



“ನಮ್ಮನೆಯವರು ಹೇಳಿದ ಗುರುತಿಗೆ ಒತ್ತಿ ಬಂದೆ” ಎಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳುತ್ತೇನೆ. ಗಂಡನ ಮನೆಗೆ ಒಪ್ಪಿಸಲು ವೋಟೇನು ವರದಕ್ಷಿಣೆಯೆ?

ನಮ್ಮ ರಾಜ್ಯದ ಜನ ಲೆಕ್ಕ ಹಾಕಿ ವೋಟು ಕೊಟ್ಟದ್ದುಂಟು. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಸೋಲಿನ ಹೊಣೆ ಹೊತ್ತು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಮತದಾರರು ಅವರ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ದೆಹಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು! 1983ರಲ್ಲಿ 18 ಗೆದ್ದಿದ್ದ ಬಿಜೆಪಿಗೆ ಎರಡೇ ಸಿಕ್ಕವು. ಕಾಂಗ್ರೆಸ್ ಬೇಡವೆಂದವರು ವೋಟು ಒಡೆಯದೆ ಗೆಲ್ಲಬಲ್ಲವರಿಗೇ ಹಾಕಿದರೆಂದು ನನ್ನ ಎಣಿಕೆ. ಕಾಂಗ್ರೆಸ್ಸಿನ 65 ಮಂದಿ ಎದುರು ಕೂತರು. ಪ್ರಶ್ನೆ ಕೇಳಲು ಅಷ್ಟು ಜನ ಸಾಕು. ಹೆಗಡೆಯವರ ಸರ್ಕಾರವೇ 1987ರಲ್ಲಿ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಚುನಾವಣೆ ನಡೆಸಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟದ್ದು.

ವಿರೋಧ ಪಕ್ಷ ಸೊರಗಿದರೆ? 2014 ಮತ್ತು 2019ರ ಲೋಕಸಭೆಗಳಲ್ಲಿ ಯಾವ ವಿರೋಧ ಪಕ್ಷಕ್ಕೂ ಹತ್ತನೇ ಒಂದು ಪಾಲು ಸದಸ್ಯರಿರಲಿಲ್ಲ. ಹತ್ತು ವರ್ಷ ವಿರೋಧ ಪಕ್ಷದ ನಾಯಕರ ಸ್ಥಾನವೇ ಖಾಲಿ. ಸೊಸೆ ಸುಟ್ಟು ಸತ್ತಾಗ “ಸ್ಟವ್ ಸಿಡಿಯಿತು” ಎಂದು ಬರೆದು ಕೇಸು ಮುಚ್ಚಿದರೆ, ಸದನದಲ್ಲಿ ಅದನ್ನು ಎತ್ತುವವರು ಹೆಚ್ಚಾಗಿ ಎದುರು ಸಾಲಿನವರೇ.

ಹಾಗಾದರೆ ಗೆಲ್ಲುತ್ತಾನೆಂದು ಹೆಂಡತಿಯನ್ನು ಹೊಡೆಯುವವನಿಗೂ ಹಾಕಬೇಕೆ ಎಂದು ಒಬ್ಬ ಸೋದರಿ ಕೇಳಿದರು. ಖಂಡಿತ ಬೇಡ. ಅವನನ್ನು ಸೋಲಿಸಬಲ್ಲವರು ಯಾರೆಂದು ಸಂಘದಲ್ಲಿ ಮೊದಲೇ ಕೂತು ಮಾತಾಡಿಕೊಳ್ಳಿ. ಆ ವಾರ ಕಂತಿನ ಲೆಕ್ಕ ಬೇಗ ಮುಗಿಸಿದರೆ ಹೊತ್ತು ಸಿಕ್ಕುತ್ತದೆ.