ಟೀಚರ್ ಯಾಕೆ ಬಿಟ್ಟು ಹೋಗ್ತಾರೆ?



"ವರ್ಷಕ್ಕೊಬ್ಬರು ಟೀಚರ್ ಬದಲಾಗ್ತಾರೆ ಸಿಸ್ಟರ್, ಮಕ್ಕಳು ಕಲಿಯೋದು ಹೇಗೆ?" ಎಂದು ಸಂಘದ ಸಭೆಗಳಲ್ಲಿ ನೀವು ಕೇಳುತ್ತೀರಿ. ಸಂಬಳದ ಲೆಕ್ಕ ನೋಡೋಣ. ನಮ್ಮ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳ ಅತಿಥಿ ಶಿಕ್ಷಕರ ಗೌರವಧನ 2022ರಲ್ಲಿ ತಿಂಗಳಿಗೆ 7,500ರಿಂದ 10,000 ರೂಪಾಯಿಗೆ ಏರಿತು. ಆಮೇಲೂ ಸ್ವಲ್ಪ ಏರಿದೆ. ಆದರೆ ಬೇಸಿಗೆ ರಜೆಯಲ್ಲಿ ಏನೂ ಇಲ್ಲ. ಏಪ್ರಿಲ್, ಮೇ ತಿಂಗಳ ಸಾಲದ ಕಂತು ಕಟ್ಟೋದು ಹೇಗೆ ಅಂತ ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಡಿ.ಎಡ್. ಕಲಿತವರು ಅಂಗಡಿ ಕೆಲಸಕ್ಕೆ ಹೋದರೆ ತಪ್ಪು ಅವರದಲ್ಲ. ಜೂನ್‌ನಲ್ಲಿ ಹೊಸಬರು ಬಂದು ಮಕ್ಕಳ ಹೆಸರು ಕಲಿಯುವುದರಿಂದ ಮತ್ತೆ ಶುರು.

ಹಾಗಂತ ಸಂಬಳ ಹೆಚ್ಚಿದ ಕೂಡಲೇ ಪಾಠ ಸುಧಾರಿಸುತ್ತದೆ ಎಂದೂ ಅಲ್ಲ. ಇಂಡೋನೇಷ್ಯಾದಲ್ಲಿ 2005ರ ಕಾನೂನಿನ ನಂತರ, ಅರ್ಹತಾ ಪತ್ರ ಪಡೆದ ಶಿಕ್ಷಕರ ಮೂಲ ಸಂಬಳ ಎರಡುಪಟ್ಟಾಯಿತು. ಅವರ ಹಣದ ಚಿಂತೆ ಇಳಿಯಿತು, ಹೊರಗಿನ ಎರಡನೇ ಕೆಲಸವೂ ಕಡಿಮೆಯಾಯಿತು. ಮಕ್ಕಳ ಕಲಿಕೆ ಮಾತ್ರ ಏರಲಿಲ್ಲ ಎಂದು ಸಂಶೋಧಕರು 2018ರಲ್ಲಿ ಪ್ರಕಟಿಸಿದರು.

ಅದಕ್ಕೇ ಎಸ್‌ಡಿಎಂಸಿಯಲ್ಲಿರುವ ತಾಯಂದಿರು ಎರಡನ್ನೂ ಕೇಳಿ: ಈ ತಿಂಗಳ ಗೌರವಧನ ಬಂತಾ? ಈ ತಿಂಗಳು ಮಕ್ಕಳು ಏನು ಓದಲು ಕಲಿತರು? ಖಾಸಗಿ ಶಾಲೆಗೆ ಫೀಸು ಕಟ್ಟುವವರು, ಅದರಲ್ಲಿ ಟೀಚರ್ ಕೈಗೆ ಎಷ್ಟು ಸೇರುತ್ತದೆ ಅಂತಲೂ ಕೇಳಿ. ನಮ್ಮಂಥ ಸಿಸ್ಟರುಗಳು ನಡೆಸುವ ಶಾಲೆಯಾದರೂ ಸರಿ.